ಹೊಸ ಮನೆಗೆ ಬಣ್ಣ ಆರಿಸುವುದು ಹೇಗೆ: ಶೇಡ್ ಕಾರ್ಡ್ ಆಮೇಲೆ ತೆಗೆಯಿರಿ

ನಮ್ಮ ಮೈಸೂರಿನ ಮನೆಯ ಹಾಲ್‌ಗೆ ನಾನು ಆರಿಸಿದ್ದು ಒಂದು ತಿಳಿ ಬೂದು ಬಣ್ಣ. ಅಂಗಡಿಯಲ್ಲಿ ನೋಡಿದಾಗ ಎಷ್ಟು ಹಿಡಿಸಿತೆಂದರೆ, ಶೇಡ್ ಕಾರ್ಡ್‌ನಲ್ಲಿ (ಪೇಂಟ್ ಕಂಪನಿಯ ಬಣ್ಣದ ಮಾದರಿ ಪುಸ್ತಕ) ಮುಂದಿನ ಪುಟ ತಿರುಗಿಸಲೇ ಇಲ್ಲ. ಎರಡು ಕೋಟ್ ಮುಗಿಯಿತು. ಸಂಜೆ ಲೈಟ್ ಹಾಕಿದೆವು. ಅಮ್ಮ ಬಾಗಿಲಲ್ಲೇ ನಿಂತು, "ಇದೇನೋ, ಆಸ್ಪತ್ರೆ ವಾರ್ಡ್ ಥರ ಇದೆಯಲ್ಲೋ" ಅಂದರು. ಹಾಗೇ ಇತ್ತು. ಬೂದು ಎಲ್ಲಿ ಹೋಯಿತೋ, ಗೋಡೆ ತುಂಬಾ ಒಂದು ಥರದ ಪೇಲವ ನೀಲಿ.

ಪೇಂಟರ್‌ದು ತಪ್ಪಿರಲಿಲ್ಲ, ಪೇಂಟಿನದ್ದೂ ಅಲ್ಲ. ಹಾಲ್‌ಗೆ ಇದ್ದದ್ದು ಉತ್ತರದ ಕಿಟಕಿ. ನೆಲಕ್ಕೆ ಬಿಳಿ ವಿಟ್ರಿಫೈಡ್ ಟೈಲ್ಸ್. ಮೇಲೆ 6500ಕೆ ಎಲ್‌ಇಡಿ. ಮೂರೂ ತಣ್ಣಗಿನವು, ಅಂದರೆ ನೀಲಿ ಕಡೆಗೆ ವಾಲುವಂಥವು. ಅವುಗಳ ನಡುವೆ ನಾನು ನೀಲಿ ಬೆರೆತ ಬೂದು ತಂದು ಕೂರಿಸಿದ್ದೆ. ಮತ್ತೆ ಬಳಿಸಬೇಕಾಯಿತು. ಆ ದುಡ್ಡಿಗೆ ಕಲಿತದ್ದು ಇಷ್ಟು: ಬಣ್ಣದ ಕೆಲಸ ಶೇಡ್ ಕಾರ್ಡ್‌ನಿಂದ ಶುರುವಾಗಬಾರದು. ಮನೆಯಲ್ಲಿ ಈಗಾಗಲೇ ಇರುವುದರಿಂದ, ಇನ್ನು ಬದಲಾಗದಿರುವುದರಿಂದ ಶುರುವಾಗಬೇಕು. ಕೆಳಗಿನ ಹೆಜ್ಜೆಗಳು ಅದೇ ಕ್ರಮದಲ್ಲಿವೆ.

ಹೆಜ್ಜೆ 1: ಬದಲಾಗದ್ದನ್ನು ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಖಾಲಿ ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯಿರಿ. ನೆಲ ಯಾವ ಬಣ್ಣ? ಬಾಗಿಲು ತೇಗವೋ, ಹೊನ್ನೆಯೋ, ಸಪಾಟು ಹಲಗೆಯ ಫ್ಲಶ್ ಡೋರೋ? ಕಿಟಕಿ ಚೌಕಟ್ಟು ಮರದ್ದೋ, ಬಿಳಿ ಯುಪಿವಿಸಿಯೋ (ಗಟ್ಟಿ ಪ್ಲಾಸ್ಟಿಕ್)? ಅಡುಗೆಮನೆಯ ಗ್ರಾನೈಟ್ ಕಪ್ಪೋ, ಕಂದೋ? ವಾರ್ಡ್‌ರೋಬ್‌ಗೆ ಲ್ಯಾಮಿನೇಟ್ ಆರಿಸಿ ಆಗಿದೆಯಾ? ಇವು ಹದಿನೈದು ಇಪ್ಪತ್ತು ವರ್ಷ ಹಾಗೇ ಇರುತ್ತವೆ. ಗೋಡೆಯ ಬಣ್ಣ ಐದಾರು ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಗೋಡೆಯೇ ಇವುಗಳಿಗೆ ಹೊಂದಿಕೊಳ್ಳಬೇಕು.

ಇವುಗಳಲ್ಲಿ ನೆಲದ್ದೇ ಮೇಲುಗೈ. ಕಿಟಕಿಯಿಂದ ಬಂದ ಬೆಳಕು ಮೊದಲು ಬೀಳುವುದು ನೆಲದ ಮೇಲೆ. ಅಲ್ಲಿಂದ ಚಿಮ್ಮಿ ಗೋಡೆಗೆ ಹೋಗುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ಬಿಳಿ ಗೋಡೆಯ ಕೆಳಭಾಗ ಸ್ವಲ್ಪ ಗುಲಾಬಿಯಾಗಿಯೇ ಕಾಣುತ್ತದೆ. ಅಲ್ಲಿ ಕೆನೆಬಿಳಿ, ತಿಳಿ ಗಂಧದ ಬಣ್ಣ ಚೆನ್ನಾಗಿ ಕೂರುತ್ತವೆ. ತಣ್ಣನೆಯ ಬೂದು ಬಳಿದರೆ ಎರಡೂ ಜಗಳ ಆಡುತ್ತವೆ. ಬಿಳಿ ಹೊಳಪಿನ ಟೈಲ್ಸ್ ಇದ್ದರೆ ಗೋಡೆಗೆ ಒಂಚೂರು ಬೆಚ್ಚಗಿನ ಬಣ್ಣ ಬೇಕು, ಇಲ್ಲದಿದ್ದರೆ ನಮ್ಮ ಹಾಲ್‌ನ ಕತೆ. ತೇಗದಂಥ ಹಳದಿ ಕಂದು ಮರಕ್ಕೆ ಹಸಿರು ಬೆರೆತ ತಿಳಿ ಬಣ್ಣಗಳು ಹೊಂದುತ್ತವೆ. ಅದೇ ಮರದ ಪಕ್ಕ ಬೀಜ್ (ತಿಳಿ ಮರಳು ಬಣ್ಣ) ಬಳಿದರೆ ಮರವೂ ಗೋಡೆಯೂ ಒಂದೇ ಆಗಿ, ಒಳ್ಳೇ ದುಡ್ಡು ಕೊಟ್ಟ ಬಾಗಿಲು ಕಾಣುವುದೇ ಇಲ್ಲ.

ಕಿಟಕಿಯಾಚೆಯನ್ನೂ ಹಾಳೆಯಲ್ಲಿ ಸೇರಿಸಿ. ಬೆಂಗಳೂರಿನ 30×40 ಅಡಿ ಸೈಟ್‌ಗಳಲ್ಲಿ ಪಕ್ಕದ ಮನೆಯ ಗೋಡೆ ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಆ ಗೋಡೆ ಕಿತ್ತಳೆಯಾಗಿದ್ದರೆ ನಿಮ್ಮ ಬೆಡ್‌ರೂಮ್‌ಗೆ ಬರುವ ಬೆಳಕೂ ಕಿತ್ತಳೆಯೇ. ಮಲೆನಾಡಿನಲ್ಲಿ ತೋಟ ಮನೆಗೆ ತಾಗಿಕೊಂಡೇ ಇದ್ದರೆ ಬಿಳಿ ಗೋಡೆಗೆ ಹಸಿರು ಛಾಯೆ ಬರುತ್ತದೆ. ಪಕ್ಕದವರ ಗೋಡೆ ನಮ್ಮ ಕೈಯಲ್ಲಿಲ್ಲ, ಆದರೆ ನಮ್ಮ ಗೋಡೆ ಇದೆ.

ಹೆಜ್ಜೆ 2: ಬೆಳಕು ನೋಡಿ

ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಪ್ರತಿ ಕೋಣೆಯ ಫೋಟೊ ತೆಗೆಯಿರಿ.

ಪೂರ್ವದ ಕೋಣೆಗೆ ಬೆಳಿಗ್ಗೆ ಹೊಂಬಿಸಿಲು. ಮಧ್ಯಾಹ್ನದ ಮೇಲೆ ಅದು ಮಂಕು. ಪಶ್ಚಿಮದ ಕೋಣೆ ಮಧ್ಯಾಹ್ನದವರೆಗೆ ಸುಮ್ಮನಿದ್ದು, ಮೂರರ ನಂತರ ಬೆಂಕಿ. ಅಲ್ಲಿ ಕೆಂಪು, ಕಿತ್ತಳೆ, ದಟ್ಟ ಹಳದಿ ಬಳಿದರೆ ಸಂಜೆ ಕಣ್ಣಿಗೆ ಕಷ್ಟ. ತಿಳಿ ನೀಲಿ, ತಿಳಿ ಹಸಿರು, ತಣ್ಣನೆಯ ಬೂದು ಅಲ್ಲಿಗೆ ಸರಿ. ಪಶ್ಚಿಮದ ಬೆಳಕಲ್ಲೇ ಇರುವಷ್ಟು ಬಿಸಿ ಇದೆ, ಗೋಡೆ ಮತ್ತೆ ಸೇರಿಸಬೇಕಿಲ್ಲ.

ಉತ್ತರದ ಕಿಟಕಿ ದಿನವಿಡೀ ಒಂದೇ ಸಮನೆ, ನೆರಳಿನಂಥ ಬೆಳಕು ಕೊಡುತ್ತದೆ. ನಮ್ಮಲ್ಲಿ ವರ್ಷದ ಹೆಚ್ಚಿನ ತಿಂಗಳು ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರು, ಮೈಸೂರಿನ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ಉತ್ತರದ ಬೆಳಕಲ್ಲಿ ನೀಲಿ ಜಾಸ್ತಿ. ಅಲ್ಲಿ ಕೆನೆ, ಪೀಚ್, ಬೆಣ್ಣೆ ಬಣ್ಣಗಳು ಜೀವ ತರುತ್ತವೆ. ಮೇ ತಿಂಗಳಲ್ಲಿ ಫೋಟೊ ತೆಗೆದು ಬಣ್ಣ ಆರಿಸಿದವರಿಗೆ ಡಿಸೆಂಬರ್‌ನಲ್ಲಿ ಅದೇ ಕೋಣೆ ಬೇರೆ ಥರ ಕಾಣಬಹುದು, ನೆನಪಿರಲಿ.

ಇನ್ನು ರಾತ್ರಿಯ ಬೆಳಕು. ಕೆಲಸಕ್ಕೆ ಹೋಗುವವರು ತಮ್ಮ ಹಾಲನ್ನು ಹೆಚ್ಚಾಗಿ ನೋಡುವುದೇ ರಾತ್ರಿ, ಅಲ್ವಾ? ಬಲ್ಬಿನ ಡಬ್ಬದ ಮೇಲೆ 3000ಕೆ, 4000ಕೆ, 6500ಕೆ ಅಂತ ಬರೆದಿರುತ್ತದೆ. 3000ಕೆ ಅಂದರೆ ಹಳೇ ಬುರುಡೆ ಬಲ್ಬಿನ ಹಾಗೆ ಹಳದಿ. 6500ಕೆ ಅಂದರೆ ಟ್ಯೂಬ್‌ಲೈಟಿನ ನೀಲಿ ಬಿಳಿ. 4000ಕೆ ನಡುವಿನದ್ದು. ಒಂದೇ ಗೋಡೆ ಹಳದಿ ಬೆಳಕಲ್ಲಿ ಕೆನೆಯಾಗಿ, ಬಿಳಿ ಬೆಳಕಲ್ಲಿ ಸಪ್ಪೆಯಾಗಿ ಕಾಣುತ್ತದೆ. ಆದ್ದರಿಂದ ಬಲ್ಬ್ ಯಾವುದು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಬಣ್ಣ. ಎಲೆಕ್ಟ್ರಿಷಿಯನ್ ತಂದದ್ದನ್ನು ಹಾಕಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಆ ರೂಢಿಗೆ ನಾನು ಕಟ್ಟಿದ ದಂಡ ಮೇಲೆ ಹೇಳಿದೆನಲ್ಲ.

ಹೆಜ್ಜೆ 3: ಈಗ ಶೇಡ್ ಕಾರ್ಡ್ ತೆಗೆಯಿರಿ

ದೊಡ್ಡ ಕಂಪನಿಗಳ ಪುಸ್ತಕದಲ್ಲಿ ಸಾವಿರಕ್ಕೂ ಹೆಚ್ಚು ಬಣ್ಣ ಇರುತ್ತವೆ. ಗಾಬರಿ ಬೇಡ. ಹೆಚ್ಚಿನ ಕಾರ್ಡ್‌ಗಳಲ್ಲಿ ಒಂದು ಪಟ್ಟಿ ಅಂದರೆ ಒಂದೇ ಬಣ್ಣದ ತಿಳಿಯಿಂದ ದಟ್ಟದವರೆಗಿನ ಮೆಟ್ಟಿಲು. ತಿಳಿ ಬಣ್ಣದ ಒಳಗೆ ಏನು ಅಡಗಿದೆ ಅಂತ ನೋಡಬೇಕಾದರೆ ಆ ಪಟ್ಟಿಯ ತೀರಾ ದಟ್ಟ ತುದಿಗೆ ಹೋಗಿ. ಮೇಲೆ ಬರೀ ಬೂದು ಅನಿಸಿದ್ದು ಕೆಳಗೆ ನೌಕಾಪಡೆಯ ನೀಲಿ ಆಗಿದ್ದರೆ ಅದರ ಒಳಛಾಯೆ ನೀಲಿ. ನನ್ನ ಬೂದುವಿನ ಪಟ್ಟಿಯನ್ನು ಕೊನೆಯವರೆಗೆ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಬಿಳಿಗೂ ಹೀಗೇ: ಒಂದರಲ್ಲಿ ಹಳದಿ, ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಸಿರು. ಸಾದಾ ಬಿಳಿ ಹಾಳೆಯನ್ನು ಪಕ್ಕಕ್ಕೆ ಹಿಡಿದರೆ ವ್ಯತ್ಯಾಸ ಕಾಣುತ್ತದೆ.

ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಒಂದು ಅಳತೆ ಇದೆ. ಸೊನ್ನೆ ಅಂದರೆ ಕಪ್ಪು, 100 ಅಂದರೆ ಶುದ್ಧ ಬಿಳಿ. ಶೇಡ್ ವಿವರದಲ್ಲಿ ಈ ಅಂಕಿ ಕೊಟ್ಟಿದ್ದರೆ ನೋಡಿ. ಒಂದೇ ಕಿಟಕಿಯ ಸಣ್ಣ ಕೋಣೆಗೆ 60ಕ್ಕಿಂತ ಮೇಲಿನದ್ದು ತೆಗೆದುಕೊಳ್ಳಿ. ಇಲ್ಲದಿದ್ದರೆ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ.

ಕಾರ್ಡಿನ ತುಣುಕು ಎರಡು ಬೆರಳಿನಷ್ಟು. ನಾಲ್ಕೂ ಗೋಡೆಗೆ ಬಳಿದಾಗ ಗೋಡೆಗಳು ಒಂದಕ್ಕೊಂದು ಬಣ್ಣ ಚೆಲ್ಲಿಕೊಂಡು ಅದೇ ಬಣ್ಣ ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದ್ದೇ ತೆಗೆದುಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಮನೆಯ ಫೋಟೊಗೆ ಬಣ್ಣ ಹಾಕಿ ನೋಡಬಹುದು. ಯಾವ ಗೋಡೆಗೆ ದಟ್ಟ, ಯಾವುದಕ್ಕೆ ತಿಳಿ ಅನ್ನುವುದಕ್ಕೆ ಅದು ಚೆನ್ನಾಗಿದೆ. ನಿಖರ ಬಣ್ಣಕ್ಕೆ ನಂಬಬೇಡಿ.

ಹೆಜ್ಜೆ 4: ಒಳಗಿನ ಕೋಣೆಗಳು

ಹಾಲ್, ಊಟದ ಜಾಗ, ಮೆಟ್ಟಿಲು ಒಂದಕ್ಕೊಂದು ಕಾಣುವಂತಿದ್ದರೆ ಮೂರಕ್ಕೂ ಒಂದೇ ತಿಳಿ ಬಣ್ಣ ಹಾಕಿ. ಕೋಣೆಗೊಂದು ಬಣ್ಣ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬಾಗಿಲು ತೆರೆದಾಗ ಎಲ್ಲವೂ ಒಟ್ಟಿಗೆ ಕಂಡರೆ ಮಾತ್ರ ಮಕ್ಕಳ ಕ್ರೇಯಾನ್ ಡಬ್ಬದಂತಾಗುತ್ತದೆ. ಬೆಡ್‌ರೂಮ್‌ಗಳು ಬಾಗಿಲು ಮುಚ್ಚಿಕೊಳ್ಳುವವು. ಅಲ್ಲಿ ಮನಸ್ಸಿಗೆ ಬಂದದ್ದು ಮಾಡಿ.

ಒಂದು ಗೋಡೆ ಮಾತ್ರ ದಟ್ಟ ಮಾಡುವುದಾದರೆ ಕಿಟಕಿ ಇರುವ ಗೋಡೆ ಬೇಡ. ಹೊರಗಿನ ಬೆಳಕಿನ ಎದುರು ದಟ್ಟ ಗೋಡೆ ಇನ್ನೂ ಕಪ್ಪಾಗಿ, ಕಣ್ಣು ಕುಕ್ಕುತ್ತದೆ. ಕಿಟಕಿಯ ಬೆಳಕು ನೇರ ಬೀಳುವ ಎದುರು ಗೋಡೆ ಒಳ್ಳೆಯದು. ಟಿವಿಯ ಹಿಂದಿನ ಗೋಡೆಯೂ ಸರಿ. ಆಫ್ ಮಾಡಿದ ಟಿವಿಯ ಕಪ್ಪು ಚೌಕ ದಟ್ಟ ಗೋಡೆಯಲ್ಲಿ ಎದ್ದು ಕಾಣುವುದಿಲ್ಲ.

ಅಡುಗೆಮನೆಯಲ್ಲಿ ಬಣ್ಣಕ್ಕಿಂತ ಒಗ್ಗರಣೆ ಮುಖ್ಯ. ಸಾಸಿವೆ ಸಿಡಿಯುತ್ತದೆ, ಎಣ್ಣೆ ಹಬೆ ಮೇಲೇಳುತ್ತದೆ, ಅರಿಶಿನದ ಕೈ ತಾಗುತ್ತದೆ. ಟೈಲ್ಸ್ ಮೇಲಿನ ಗೋಡೆಗೆ ಒರೆಸಬಹುದಾದ, ತುಸು ಹೊಳಪಿನ ಎಮಲ್ಷನ್ (ನೀರು ಬೆರೆಸುವ ಪೇಂಟ್) ಹಾಕಿಸಿ. ಬೆಣ್ಣೆ ಹಳದಿ, ತಿಳಿ ಗೋಧಿ ಬಣ್ಣ ಕಲೆಯನ್ನು ಸ್ವಲ್ಪ ಕ್ಷಮಿಸುತ್ತವೆ. ಅಚ್ಚ ಬಿಳಿ ಕ್ಷಮಿಸುವುದಿಲ್ಲ. ದೇವರಮನೆಗೂ ಇದೇ ಮಾತು, ದೀಪದ ಮಸಿ ಅಲ್ಲಿನ ಎಣ್ಣೆ ಹಬೆ. ಮೆಟ್ಟಿಲ ಪಕ್ಕದ ಗೋಡೆಗೂ ಮಕ್ಕಳ ಕೋಣೆಗೂ ಕೈಗುರುತು ತಪ್ಪಿದ್ದಲ್ಲ. ಹೊಳಪಿಲ್ಲದ ಮ್ಯಾಟ್ ಫಿನಿಶ್ ನೋಡಲು ಚೆಂದ, ಆದರೆ ಸಾಮಾನ್ಯ ಮ್ಯಾಟ್ ಗೋಡೆಯನ್ನು ಉಜ್ಜಿದರೆ ಉಜ್ಜಿದ ಜಾಗವೇ ಹೊಳೆಯಲು ಶುರುವಾಗುತ್ತದೆ. ಹಾಗಂತ ಎಲ್ಲ ಕಡೆ ಹೊಳಪೂ ಬೇಡ. ಪ್ಲಾಸ್ಟರಿಂಗ್ ಏರುಪೇರಾಗಿದ್ದರೆ ಹೊಳಪು ಪ್ರತಿ ಗುಳಿಯನ್ನೂ ತೋರಿಸಿಕೊಡುತ್ತದೆ.

ಸೀಲಿಂಗ್‌ಗೆ ಬಿಳಿ. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ.

ವಾಸ್ತು ನೋಡುವ ಮನೆಯಾದರೆ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ, ದಾರಿ ಇದೆ. ಆಗ್ನೇಯದ ಅಡುಗೆಮನೆಗೆ ಕೆಂಪು, ಕಿತ್ತಳೆಯ ಕುಟುಂಬ ಅನ್ನುತ್ತಾರೆ. ಈಶಾನ್ಯದ ದೇವರಮನೆಗೆ ಬಿಳಿ ಅಥವಾ ತಿಳಿ ಹಳದಿ. ಕಿತ್ತಳೆ ಅಂದರೆ ಹಣ್ಣಿನ ಬಣ್ಣವೇ ಆಗಬೇಕಿಲ್ಲ, ಪೀಚ್ ಕೂಡ ಅದೇ ಪಟ್ಟಿಯ ಮೇಲಿನ ಮೆಟ್ಟಿಲು. ನಮ್ಮ ಅಡುಗೆಮನೆಯಲ್ಲಿ ಅಪ್ಪನೂ ಗೆದ್ದರು, ನಾನೂ ಗೆದ್ದೆ.

ಹೆಜ್ಜೆ 5: ಹೊರಗೋಡೆ

ಒಳಗೆ ತಪ್ಪಾದರೆ ಮನೆಯವರು ಮಾತ್ರ ನೋಡುತ್ತಾರೆ. ಹೊರಗೆ ತಪ್ಪಾದರೆ ಬೀದಿಯೇ ನೋಡುತ್ತದೆ. ಆದರೆ ಹೊರಗೆ ಬಣ್ಣ ಆರಿಸುವುದು ನೀವಷ್ಟೇ ಅಲ್ಲ. ಬಿಸಿಲು, ಮಳೆ, ಮಣ್ಣು ಮೂರಕ್ಕೂ ಅದರಲ್ಲಿ ಪಾಲಿದೆ.

ನಮ್ಮ ಹಳೇ ಮನೆಗಳಿಗೆ ಇದು ಗೊತ್ತಿತ್ತು. ಸುಣ್ಣ ಕಾರಣೆ ಅನ್ನುವ ಮಾತು ಕೇಳಿರುತ್ತೀರಿ. ಮೇಲೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಅಲಂಕಾರ ಹೌದು, ಜೊತೆಗೆ ಲೆಕ್ಕಾಚಾರವೂ ಹೌದು. ಸೂರಿನ ನೀರು ನೆಲಕ್ಕೆ ಬಿದ್ದು ಕೆಸರು ಚಿಮ್ಮುವುದು ಒಂದೆರಡು ಅಡಿ ಎತ್ತರದವರೆಗೆ. ಆ ಭಾಗ ಮೊದಲೇ ಮಣ್ಣಿನ ಬಣ್ಣದಲ್ಲಿದ್ದರೆ ಕಲೆ ಕಾಣುವುದಿಲ್ಲ. ಇವತ್ತಿಗೂ ಇದಕ್ಕಿಂತ ಒಳ್ಳೆ ಉಪಾಯ ನಾನು ಕಂಡಿಲ್ಲ. ಬುಡದ ಎರಡಡಿಗೆ ನಿಮ್ಮ ಊರಿನ ಮಣ್ಣಿಗೆ ಹತ್ತಿರದ ಬಣ್ಣ ಕೊಡಿ. ಕೋಲಾರ, ತುಮಕೂರಿನ ಕೆಂಪು ಮಣ್ಣಿಗೆ ಇಟ್ಟಿಗೆ ಕಂದು. ವಿಜಯಪುರ, ಗದಗಿನ ಕಪ್ಪು ಎರೆ ಮಣ್ಣಿಗೆ ದಟ್ಟ ಬೂದು. ಕಾಂಪೌಂಡ್ ಗೋಡೆಗೂ ಇದೇ.

ಇನ್ನು ಊರಿಗೊಂದು ನ್ಯಾಯ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ದಟ್ಟ ಬಣ್ಣದ ಗೋಡೆ ಆ ಬಿಸಿಲನ್ನು ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಅಲ್ಲಿ ಪಶ್ಚಿಮದ ಗೋಡೆಗಾದರೂ ತಿಳಿ ಬಣ್ಣವೇ ಇರಲಿ. ಆದರೆ ಅಚ್ಚ ಬಿಳಿ ಬೇಡ, ಧೂಳು ಕುಳಿತು ಒಂದೇ ವರ್ಷಕ್ಕೆ ಮಾಸುತ್ತದೆ. ಧೂಳಿನದ್ದೇ ಬಣ್ಣಕ್ಕೆ ಹತ್ತಿರದ ಮರಳು, ಗೋಧಿ ಬಣ್ಣಗಳು ಹೊಸದಾಗಿಯೇ ಕಾಣುತ್ತಿರುತ್ತವೆ.

ಕರಾವಳಿ, ಮಲೆನಾಡಿನಲ್ಲಿ ಶತ್ರು ಪಾಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ. ಹೆಚ್ಚು ಬಿಸಿಲು ಕಾಣದ ಉತ್ತರದ ಗೋಡೆ ಮೊದಲು ಹಸಿರು, ಆಮೇಲೆ ಕಪ್ಪು. ಅಲ್ಲಿ ಬಣ್ಣಕ್ಕಿಂತ ಮೊದಲು ಪಾಚಿ ತಡೆಯುವ ಒಳ್ಳೆ ಎಕ್ಸ್‌ಟೀರಿಯರ್ ಎಮಲ್ಷನ್‌ಗೆ ದುಡ್ಡು ಹಾಕಿ. ಬಣ್ಣ ನಡುಮಟ್ಟದ್ದಿರಲಿ: ಹಸಿರು ಬೂದು, ಜೇಡಿ, ತಿಳಿ ಕಂದು. ಹೆಂಚಿನ ಮಾಡು ಇದ್ದರಂತೂ ಅರ್ಧ ಕೆಲಸ ಆಗಿಯೇ ಹೋಯಿತು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಆ ಕೆಂಪು ನಮ್ಮ ಕಣ್ಣಿಗೆ ಅಷ್ಟು ಒಗ್ಗಿದೆ. ಅದರ ಕೆಳಗೆ ಕೆನೆಬಿಳಿ ಗೋಡೆ ಯಾವತ್ತೂ ಸೋತಿಲ್ಲ. ಮುರಕಲ್ಲನ್ನು (ಕರಾವಳಿಯ ಕೆಂಪು ಕಲ್ಲು) ಹಾಗೇ ಬಿಟ್ಟಿದ್ದರೆ ಇನ್ನೂ ಒಳ್ಳೆಯದು, ದಯವಿಟ್ಟು ಅದಕ್ಕೆ ಬಣ್ಣ ಬಳಿಯಬೇಡಿ.

ದಟ್ಟ ಬಣ್ಣ ಬೇಕೇಬೇಕು ಅನ್ನುವವರು ಮಣ್ಣಿನ ಬಣ್ಣಗಳ ಕಡೆ ಹೋಗಿ. ಇಟ್ಟಿಗೆ ಕೆಂಪು, ಕಾವಿ, ಕಂದು ಬಣ್ಣಗಳಿಗೆ ಹಾಕುವುದು ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್ ಪುಡಿ. ಅದು ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಜಗ್ಗುವುದಿಲ್ಲ. ಝಗಮಗ ಕೆಂಪು, ನೇರಳೆ, ನಿಂಬೆ ಹಳದಿಗಳಿಗೆ ಹೆಚ್ಚಾಗಿ ಬೇರೆ ಜಾತಿಯ ಬಣ್ಣ ಬೀಳುತ್ತದೆ. ಅವುಗಳಲ್ಲಿ ಹಲವು ಬಿಸಿಲಿಗೆ ಬೇಗ ಮಾಸುತ್ತವೆ, ಅದೂ ದಕ್ಷಿಣ, ಪಶ್ಚಿಮದ ಗೋಡೆ ಮೊದಲು. ಒಂದೇ ಮನೆ ಎರಡು ಬಣ್ಣದ್ದಾಗುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಪಕ್ಕದ ಅಠಾರಾ ಕಚೇರಿ (ಈಗಿನ ಹೈಕೋರ್ಟ್) ನೋಡಿ. 1868ರಲ್ಲಿ ಮುಗಿದ ಕಟ್ಟಡ, ಪೂರ್ತಿ ಕೆಂಪು. ಅದು ಅಷ್ಟು ಚೆಂದ ಕಾಣುವುದರಲ್ಲಿ ಸುತ್ತಲಿನ ಮರಗಳ ಹಸಿರಿಗೂ ಪಾಲಿದೆ. ಅದೇ ಕೆಂಪನ್ನು ಮರವಿಲ್ಲದ ಲೇಔಟ್‌ನಲ್ಲಿ ಬಳಿದು ನೋಡಿ, ಬೇರೆಯೇ ಕತೆ.

ಹೊರಗೆ ಮೂರು ಬಣ್ಣಕ್ಕಿಂತ ಜಾಸ್ತಿ ಬೇಡ: ಗೋಡೆಗೆ ಒಂದು, ಬುಡಕ್ಕೋ ಮುಂಭಾಗದ ಒಂದು ತುಂಡಿಗೋ ಇನ್ನೊಂದು, ಸಜ್ಜಾ, ಕಿಟಕಿ ಅಂಚಿಗೆ ಮತ್ತೊಂದು. ಗೇಟು, ಗ್ರಿಲ್ಲುಗಳ ಕಪ್ಪನ್ನೋ ಕಂದನ್ನೋ ಇದರಲ್ಲೇ ಲೆಕ್ಕ ಹಾಕಿ. ಮುಂಭಾಗಕ್ಕೆ ಒರಟು ಟೆಕ್ಸ್ಚರ್ ಹಾಕಿಸುವ ಮುನ್ನ ಯೋಚಿಸಿ, ಅದರ ಸಂದಿಗಳಲ್ಲಿ ಧೂಳು ಮನೆ ಮಾಡುತ್ತದೆ. ಅಪಾರ್ಟ್‌ಮೆಂಟ್‌ನವರಿಗೆ ಈ ತಲೆನೋವಿಲ್ಲ, ಅಸೋಸಿಯೇಷನ್ ಮೀಟಿಂಗ್‌ನ ತಲೆನೋವಿದೆ.

ಹೆಜ್ಜೆ 6: ಗೋಡೆ ಒಣಗಿದೆಯಾ?

ಹೊಸ ಪ್ಲಾಸ್ಟರ್‌ಗೆ ಒಂದು ವಾರವಾದರೂ ನೀರು ಹೊಡೆಯುತ್ತಾರೆ. ಆಮೇಲೆ ಅದು ಒಣಗಲು ನಾಲ್ಕು ವಾರ ಬಿಡಬೇಕು, ಮಳೆಗಾಲವಾದರೆ ಇನ್ನೂ ಜಾಸ್ತಿ. ಅವಸರ ಮಾಡಿದರೆ ಒಳಗಿನ ತೇವ ಹೊರಬರುತ್ತಾ ಬಿಳಿ ಉಪ್ಪನ್ನು ತಳ್ಳಿಕೊಂಡು ಬರುತ್ತದೆ. ಬಣ್ಣ ಹಕ್ಕಳೆ ಏಳುತ್ತದೆ, ಕ್ಷಾರಕ್ಕೆ ಅಲ್ಲಲ್ಲಿ ಮಾಸುತ್ತದೆ. ಗೃಹಪ್ರವೇಶದ ಮುಹೂರ್ತ ಮೊದಲೇ ಇಟ್ಟುಕೊಂಡು ಹಿಂದಕ್ಕೆ ದಿನ ಎಣಿಸುವವರಿಗೆ ಆಗುವ ಗತಿ ಇದು. ಪರೀಕ್ಷೆ ಸುಲಭ: ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ನೋಡಿ. ಒಳಗೆ ಬೆವರಿದ್ದರೆ ಗೋಡೆ ಇನ್ನೂ ಹಸಿ.

ಸಮಯ ಸಿಗದಿದ್ದರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಮತ್ತು ಒಂದು ಕೋಟ್ ಬಿಳಿಯಲ್ಲಿ ಗೃಹಪ್ರವೇಶ ಮಾಡಿಬಿಡಿ. ಹೇಗಿದ್ದರೂ ಹೋಮದ ಹೊಗೆಗೆ ಹಾಲ್‌ನ ಸೀಲಿಂಗ್ ಕಂದಾಗುತ್ತದೆ. ಕೊನೆಯ ಕೋಟ್ ಆಮೇಲೆ ಆದರೆ ಎರಡೂ ಕೆಲಸ ಒಂದರಲ್ಲೇ ಮುಗಿಯುತ್ತದೆ.

ಹೆಜ್ಜೆ 7: ಸ್ಯಾಂಪಲ್ ಬಳಿದು ನೋಡಿ

ಇದನ್ನು ಮಾತ್ರ ಬಿಡಬೇಡಿ. ಪ್ರತಿ ಕೋಣೆಗೆ ಎರಡು, ಹೆಚ್ಚೆಂದರೆ ಮೂರು ಬಣ್ಣ ಉಳಿಸಿಕೊಂಡು ಚಿಕ್ಕ ಸ್ಯಾಂಪಲ್ ತನ್ನಿ. ನೇರ ಗೋಡೆಗೆ ಬಳಿಯುವ ಬದಲು ಎರಡಡಿ ಚೌಕದ ಪ್ಲೈವುಡ್ ತುಂಡಿಗೆ ಪ್ರೈಮರ್ ಹಚ್ಚಿ ಎರಡು ಕೋಟ್ ಬಳಿಯಿರಿ. ಹಲಗೆಯನ್ನು ಕಿಟಕಿ ಪಕ್ಕ, ಕತ್ತಲೆ ಮೂಲೆ, ನೆಲದ ಹತ್ತಿರ ಅಂತ ಎಲ್ಲ ಕಡೆ ಇಟ್ಟು ನೋಡಬಹುದು. ಹೊರಗಿನ ಬಣ್ಣಕ್ಕಾದರೆ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಿ.

ಒದ್ದೆಯಾಗಿದ್ದಾಗ ತೀರ್ಪು ಕೊಡಬೇಡಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಹಲಗೆಯ ಸುತ್ತ ಪುಟ್ಟಿ (ಗೋಡೆ ನುಣುಪು ಮಾಡುವ ಬಿಳಿ ಹಿಟ್ಟು) ಹಚ್ಚಿದ ಬೆಳ್ಳಗಿನ ಗೋಡೆ ಇದ್ದರೆ ಯಾವ ಬಣ್ಣವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಟೈಲ್ಸ್‌ನ ಒಂದು ತುಂಡು, ಲ್ಯಾಮಿನೇಟ್ ಚೂರು, ಪರದೆ ಬಟ್ಟೆ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮೂರು ದಿನ ನೋಡಿ. ರಾತ್ರಿ ನೀವು ಹಾಕಿಸಲಿರುವ ಬಲ್ಬಿನಲ್ಲೇ ನೋಡಿ. ಮೂರನೇ ದಿನವೂ ಬೇಸರ ಬರದಿದ್ದರೆ ಅದೇ ನಿಮ್ಮ ಬಣ್ಣ.

ಹೆಜ್ಜೆ 8: ಕೊಳ್ಳುವಾಗ

ದಟ್ಟ ಬಣ್ಣಕ್ಕೆ ಖರ್ಚು ಜಾಸ್ತಿ. ಅದಕ್ಕೆ ಬಳಸುವ ಬೇಸ್‌ನಲ್ಲಿ (ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟ್) ಬಿಳಿ ಪಿಗ್ಮೆಂಟ್ ಪುಡಿ ಕಡಿಮೆ, ಬಣ್ಣ ಜಾಸ್ತಿ. ಕೆಂಪು, ಹಳದಿಗಳು ಎರಡು ಕೋಟ್‌ಗೆ ಗೋಡೆ ಮುಚ್ಚದೆ ಮೂರು ನಾಲ್ಕು ಕೇಳುತ್ತವೆ. ಕೊಟೇಷನ್ ಮಾಡುವಾಗಲೇ ಇದನ್ನು ಪೇಂಟರ್ ಹತ್ತಿರ ಮಾತಾಡಿ.

ಒಂದು ಕೋಣೆಗೆ ಬೇಕಾದ ಪೇಂಟ್ ಪೂರ್ತಿ ಒಂದೇ ಸಲ ಮಿಕ್ಸ್ ಮಾಡಿಸಿ. ಎರಡು ಮೂರು ಡಬ್ಬವಾದರೆ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಲು ಹೇಳಿ, ಡಬ್ಬದಿಂದ ಡಬ್ಬಕ್ಕೆ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಪೇಂಟರ್ "ಸ್ವಲ್ಪ ಸ್ಟೇನರ್ ಹಾಕಿ ಇಲ್ಲೇ ಮಾಡಿಕೊಡ್ತೀನಿ ಸಾರ್" (ಸ್ಟೇನರ್ ಅಂದರೆ ಕೈಯಿಂದ ಬೆರೆಸುವ ಬಣ್ಣದ ದ್ರಾವಣ) ಅಂದರೆ ನಯವಾಗಿ ಬೇಡ ಅನ್ನಿ. ಆ ಬಣ್ಣ ಅವರಿಗೂ ಮತ್ತೊಮ್ಮೆ ಬರುವುದಿಲ್ಲ.

ಅಂಗಡಿಯಲ್ಲಿ ಬಣ್ಣ ಬೆರೆಸುವ ಟಿಂಟಿಂಗ್ ಮಷಿನ್‌ನಿಂದ ಬಂದ ಡಬ್ಬದ ಮೇಲೆ ಶೇಡ್ ಕೋಡ್, ಬೇಸ್, ಪೇಂಟಿನ ಹೆಸರು ಇರುವ ಚೀಟಿ ಅಂಟಿಸಿರುತ್ತಾರೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಉಳಿಸಿ, ಮುಚ್ಚಳ ಬಿಗಿ ಮಾಡಿ, ಮೇಲೆ ಮಾರ್ಕರ್‌ನಲ್ಲಿ ಕೋಣೆಯ ಹೆಸರು ಬರೆದು ಅಟ್ಟದ ಮೇಲಿಡಿ. ಸಾಮಾನು ಸಾಗಿಸುವ ದಿನ ಬೀರು ಗೋಡೆಗೆ ತಾಗಿಯೇ ತಾಗುತ್ತದೆ.